ಎಳೆಯ ಮಕ್ಕಳ ಅಕ್ಷರಾಭ್ಯಾಸ: ‘ವಾರಕ್ಕೊಂದಕ್ಷರ’ದ ಕ್ರಮವೂ ಕನ್ನಡ ಲಿಪಿಯೂ

ಶಾಲೆಗೆ ಸೇರುವ ಮುನ್ನ, ಮೂರರಿಂದ ಆರು ವರ್ಷದವರೆಗಿನ ಮಕ್ಕಳಿಗೆ ಮನೆಯಲ್ಲಿಯೇ ವಿದ್ಯಾರಂಭ ಮಾಡಿಸುವ ತಾಯಿತಂದೆಗಳಲ್ಲಿ ‘ವಾರಕ್ಕೊಂದಕ್ಷರ’ ಎಂಬ ಕ್ರಮವೊಂದು ಇಂಗ್ಲಿಷ್ ಶಿಕ್ಷಣದಿಂದ ಬಳಕೆಗೆ ಬಂದಿದೆ. ವಾರವೆಲ್ಲ ಒಂದೇ ಅಕ್ಷರವನ್ನು ಮರಳಿನಲ್ಲಿ ತಿದ್ದುವುದು, ಜೇಡಿಮಣ್ಣಿನಲ್ಲಿ ಮಾಡುವುದು, ಕಾಳುಗಳಿಂದ ಜೋಡಿಸುವುದು, ಅದರಿಂದ ಮೊದಲಾಗುವ ವಸ್ತುಗಳನ್ನು ಮನೆಯಲ್ಲಿ ಹುಡುಕಿ ತರುವುದು, ಇವೇ ಅದರ ಅಂಗಗಳು. ಇದರಲ್ಲಿ ಎರಡು ತತ್ತ್ವಗಳು ಬೆರೆತಿವೆ: ಕೈಯಿಂದ ಕಲಿಯುವುದೊಂದು, ಅಕ್ಷರಮಾಲೆಯನ್ನು ವಾರಕ್ಕೊಂದರಂತೆ ಮುಗಿಸುವುದಿನ್ನೊಂದು. ಮೊದಲನೆಯದು ಕನ್ನಡಕ್ಕೆ ಸಂಪೂರ್ಣವಾಗಿ ಒಪ್ಪುವುದೆಂದೂ, ಎರಡನೆಯದನ್ನು ಮಾರ್ಪಡಿಸದೆ ಅನುಸರಿಸಿದರೆ ಮಗುವಿಗೆ ನಷ್ಟವೆಂದೂ ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಕೈಯಿಂದ ಕಲಿಯುವುದು ಹೊಸ ಮಾತಲ್ಲ. ಕ್ರಿಸ್ತಶಕ ಒಂದನೆಯ ಶತಮಾನದ ರೋಮನ್ ಆಚಾರ್ಯ ಕ್ವಿಂಟಿಲಿಯನ್ ಮಕ್ಕಳಿಗೆ ಆಟವಾಡಲು ದಂತದ ಅಕ್ಷರಗಳನ್ನು ಕೊಡಬೇಕೆಂದೂ, ಹಲಗೆಯಲ್ಲಿ ಕೊರೆದ ಅಕ್ಷರಗಳ ಜಾಡಿನಲ್ಲಿ ಲೇಖನಿಯನ್ನು ನಡೆಸುವುದರಿಂದ ಕೈ ತಿದ್ದುವುದೆಂದೂ ಹೇಳಿರುವನು. ನಮ್ಮ ದೇಶದಲ್ಲಿ ಅಕ್ಕಿಯ ಮೇಲೆ ಬೆರಳಿನಿಂದ ಬರೆಯಿಸುವ ಅಕ್ಷರಾಭ್ಯಾಸವೂ, ಹಳೆಯ ಮಠಗಳಲ್ಲಿ ಮರಳಿನ ಮೇಲೆ ತಿದ್ದಿಸುತ್ತಿದ್ದ ಪದ್ಧತಿಯೂ ಸರ್ವವಿದಿತವಾಗಿವೆ. ಮದರಾಸಿನಲ್ಲಿ ಸೈನಿಕರ ಅನಾಥಬಾಲಕರ ಶಾಲೆಯನ್ನು ನಡೆಸುತ್ತಿದ್ದ ಆಂಡ್ರೂ ಬೆಲ್ ಎಂಬವರು ದೇಶೀಯ ಪಾಠಶಾಲೆಯೊಂದರಲ್ಲಿ ಇದನ್ನು ಕಂಡು, ತಮ್ಮ ಶಾಲೆಯಲ್ಲಿ ರೂಢಿಗೆ ತಂದು, ೧೭೯೭ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದರು. ಮರಳಿನ ಬರವಣಿಗೆಯು ಹೀಗೆ ಇಂಗ್ಲೆಂಡಿನ ಶಾಲೆಗಳಿಗೆ ಹೋಯಿತು. ೧೯೦೭ರಲ್ಲಿ ರೋಮಿನಲ್ಲಿ ಶಿಶುವಿಹಾರವನ್ನು ತೆರೆದ ಮರಿಯಾ ಮಾಂಟೆಸ್ಸೊರಿಯವರು ಮರಳುಕಾಗದದಿಂದ ಕತ್ತರಿಸಿದ ಅಕ್ಷರಗಳನ್ನು ಮಕ್ಕಳ ಬೆರಳಿಗೆ ಕೊಟ್ಟರು. ೧೯೩೯ರಲ್ಲಿ ಅವರು ಅಡಯಾರಿಗೆ ಬಂದು ಭಾರತದ ಉಪಾಧ್ಯಾಯರಿಗೂ ತಮ್ಮ ಪದ್ಧತಿಯನ್ನು ಬೋಧಿಸಿದರು.

ಈಚಿನ ಪರೀಕ್ಷೆಗಳೂ ಇದನ್ನು ಸಮರ್ಥಿಸುತ್ತವೆ. ಫ್ರಾನ್ಸಿನಲ್ಲಿ ಬಾರಾ, ಜಾಂತಾಜ್ ಮೊದಲಾದವರು ೨೦೦೪ರಲ್ಲಿ ಪ್ರಕಟಿಸಿದ ಶೋಧನೆಯಂತೆ, ಉಬ್ಬಕ್ಷರಗಳನ್ನು ಬೆರಳಿನಿಂದ ಮುಟ್ಟಿ ಕಲಿತ ಮಕ್ಕಳು ಕಣ್ಣಿನಿಂದ ಮಾತ್ರ ಕಲಿತವರಿಗಿಂತ ಕಲ್ಪಿತಪದಗಳನ್ನು ಬಿಡಿಸಿ ಓದುವುದರಲ್ಲಿ ಮುಂದಾದರು. ಕೀಲಿಮಣೆಯನ್ನು ಒತ್ತಿ ಕಲಿತವರಿಗಿಂತ ಕೈಯಲ್ಲಿ ಬರೆದು ಕಲಿತವರು, ಅವರೊಳಗೂ ಸ್ವಲ್ಪ ದೊಡ್ಡವರು, ಅಕ್ಷರಗಳನ್ನು ಚೆನ್ನಾಗಿ ಗುರುತಿಸಿದರೆಂದು ಲಾಂಗ್‌ಕಾಂ ಮೊದಲಾದವರು ೨೦೦೫ರಲ್ಲಿ ತೋರಿಸಿದರು.

ಇನ್ನು ಎರಡನೆಯ ತತ್ತ್ವವನ್ನು ವಿಚಾರಿಸೋಣ. ಇಂಗ್ಲಿಷಿನ ೨೬ ಅಕ್ಷರಗಳಿಗೆ ವಾರಕ್ಕೊಂದರಂತೆ ಅರ್ಧ ವರ್ಷ ಸಾಕು. ಕನ್ನಡದ ವರ್ಣಮಾಲೆಯಲ್ಲಿ ೧೩ ಸ್ವರಗಳು, ೨ ಯೋಗವಾಹಗಳು, ೩೪ ವ್ಯಂಜನಗಳು, ಒಟ್ಟು ೪೯ ಅಕ್ಷರಗಳಿವೆ. ವರ್ಷವೆಲ್ಲ ಕಳೆದರೂ ಮಗುವಿಗೆ ಕಾಗುಣಿತವು ಬಂದಿರುವುದಿಲ್ಲ. ಸ್ವರಗಳೊಡನೆ ಕೂಡಿದ ವ್ಯಂಜನಗಳೇ ೪೪೨ ಆಗುವುವು, ಒತ್ತಕ್ಷರಗಳು ಬೇರೆ. ‘ಹಾಲು’ ಎಂದು ಓದಲು ಇಳಿಯೂ ಕೊಂಬೂ ಬೇಕು, ‘ಮನೆ’ಗೆ ಎತ್ವ ಬೇಕು, ಮಗುವಿನ ಮೊದಲ ಮಾತಾದ ‘ಅಮ್ಮ’ನಿಗೆ ಒತ್ತೇ ಬೇಕು. ವರ್ಣಮಾಲೆಯ ಕ್ರಮದಲ್ಲಿ ಹೋದರೆ ಮೊದಲ ೧೫ ವಾರಗಳಲ್ಲಿ ಓದುವುದಕ್ಕೆ ‘ಆ’, ‘ಈ’ ಎಂಬಂಥ ಒಂದೆರಡು ಮಾತುಗಳನ್ನುಳಿದು ಏನೂ ದೊರೆಯದು. ಮುಂದೆ ಙ, ಞ, ಣ, ಳಗಳ ವಾರಗಳಲ್ಲಿ ಹುಡುಕಿ ತರಲು ಮನೆಯಲ್ಲಿ ವಸ್ತುವೇ ಇಲ್ಲ. ದ-ಧ, ಪ-ಫಗಳಂತೆ ಸಣ್ಣ ಗೀಟಿನಿಂದ ಭಿನ್ನವಾಗುವ ಜೋಡಿಗಳು ಒಂದರ ಬೆನ್ನಿಗೊಂದು ಬಂದು ಕಣ್ಣನ್ನು ಕಲಕುವುವು. ವರ್ಣಮಾಲೆಯು ಧ್ವನಿಗಳ ಉತ್ಪತ್ತಿಸ್ಥಾನವನ್ನನುಸರಿಸಿದ ಶಾಸ್ತ್ರೀಯವಾದ ರಚನೆ. ಅದನ್ನು ಕಂಠಪಾಠ ಮಾಡಿಸುವುದು ಯುಕ್ತವೇ ಸರಿ. ಆದರೆ ಓದಿನ ಮೊದಲ ಮೆಟ್ಟಿಲಾಗಿ ಅದು ರಚಿತವಾದುದಲ್ಲ. ಕನ್ನಡದ ಮಕ್ಕಳಿಗೆ ಅಕ್ಷರಸಮೂಹವೆಲ್ಲ ವಶವಾಗಲು ಪ್ರಾಥಮಿಕ ಶಾಲೆಯ ಹಲವು ವರ್ಷಗಳೇ ಹಿಡಿಯುವುವೆಂಬುದು ಸೋನಾಲಿ ನಾಗ್ ಅವರು ೨೦೦೭ರಲ್ಲಿ ಪ್ರಕಟಿಸಿದ ಪರಿಶೀಲನೆಯಿಂದ ವೇದ್ಯವಾಗುವುದು. ಆದಕಾರಣ ಎಲ್ಲವನ್ನೂ ಮುಗಿಸುವ ಆತುರವು ಸಲ್ಲದು.

ವಾರವನ್ನು ಉಳಿಸಿಕೊಂಡು ಕ್ರಮವನ್ನು ಬದಲಿಸುವುದು ಲೇಸು. ಕರ್ಣಾಟಕದ ಶಾಲೆಗಳಲ್ಲಿ ರ, ಗ, ಸ, ದ, ಅ ಎಂದು ಪ್ರಾರಂಭಿಸುವ ಪಾಠಕ್ರಮವು ಇದಕ್ಕೆ ದಾರಿ ತೋರಿಸಿದೆ. ಮೂರನೆಯ ವಾರದ ಕೊನೆಗೆ ರ, ಸ ಎಂಬ ಎರಡೇ ಅಕ್ಷರಗಳಿಂದ ‘ರಸ’, ‘ಸರ’ ಎಂದು ಓದಬಹುದು. ಐದಾದ ಮೇಲೆ ‘ಅರಸ’, ‘ಅಗಸ’, ‘ಗರಗಸ’. ಇವುಗಳಿಗೆ ಜ, ವ, ಮ, ಬ, ನಗಳು ಕೂಡಿದರೆ ‘ಮರ’, ‘ಜನ’, ‘ನಗರ’, ‘ಬಸವ’. ಆಗ ಹೊಸ ಅಕ್ಷರವನ್ನು ನಿಲ್ಲಿಸಿ, ವಾರಕ್ಕೊಂದು ಗುಣಿತಚಿಹ್ನೆಯನ್ನು ಕೊಡಬೇಕು: ಇಳಿಯಿಂದ ‘ಸರ’ವು ‘ಸಾರ’ವಾಗುವುದು, ‘ದನ’ವು ‘ದಾನ’ವಾಗುವುದು, ಗುಡಿಸಿನಿಂದ ‘ನರಿ’, ಕೊಂಬಿನಿಂದ ‘ಮಗು’, ಎತ್ವದಿಂದ ‘ಮನೆ’. ಹತ್ತು ಅಕ್ಷರಗಳು, ನಾಲ್ಕು ಚಿಹ್ನೆಗಳು, ಒಟ್ಟು ಹದಿನಾಲ್ಕು ವಾರಗಳಲ್ಲಿ ಮಗು ತನ್ನ ಮಾತನ್ನು ತಾನೇ ಓದುವುದು.

ಕೈಗೆಲಸವೂ ಲಿಪಿಗೆ ತಕ್ಕುದಾಗಿರಬೇಕು. ತಟ್ಟೆಯಲ್ಲಿ ತೆಳ್ಳಗೆ ಹರಡಿದ ರವೆಯ ಮೇಲೆ ತಾಯಿ ಬರೆದುದನ್ನು ಮಗು ತಿದ್ದಲಿ. ರಂಗೋಲಿಯಲ್ಲಿ ಬರೆದ ದೊಡ್ಡ ಅಕ್ಷರದ ಮೇಲೆ ಹುಣಿಸೆಬೀಜಗಳನ್ನಿಡಲಿ. ಚಪಾತಿಯ ಹಿಟ್ಟನ್ನು ಹುರಿಯಂತೆ ಹೊಸೆದು ಅಕ್ಷರ ಮಾಡುವಾಗ ತಲೆಕಟ್ಟನ್ನು ಬೇರೆ ತುಂಡಾಗಿಯೇ ಮಾಡತಕ್ಕದ್ದು. ‘ನ’ದ ತಲೆಕಟ್ಟನ್ನು ತೆಗೆದು ಅಲ್ಲಿ ಗುಡಿಸನ್ನಿಟ್ಟರೆ ‘ನಿ’ ಆಗುವುದನ್ನು ಮಗು ಕೈಯಿಂದಲೇ ಅರಿಯುವುದು. ಬ, ಜಗಳಿಗೆ ಅಂಥ ತಲೆಕಟ್ಟಿಲ್ಲವಾದುದರಿಂದ ಅವನ್ನು ಈ ಆಟಕ್ಕೆ ಕಡೆಯಲ್ಲಿ ತರಬೇಕು. ವಸ್ತುಗಳನ್ನು ಹುಡುಕುವ ಆಟದಲ್ಲಿಯೂ ಎಚ್ಚರವಿರಲಿ: ‘ಸ’ಕಾರದ ವಾರದಲ್ಲಿ ಸರ, ಸಕ್ಕರೆಗಳೇ ಯೋಗ್ಯ, ಸಾಸಿವೆ, ಸೂಜಿ, ಸೌಟುಗಳು ಆಯಾ ಚಿಹ್ನೆಗಳು ಬಂದ ಮೇಲೆ.

ಪಾಠವನ್ನು ಹೇಳುವುದಕ್ಕೆ ಫ್ರೆಂಚ್ ವೈದ್ಯ ಸೆಗ್ಯಾಂ ಅವರಿಂದ ಮಾಂಟೆಸ್ಸೊರಿಯವರು ಪಡೆದ ಮೂರು ಹಂತಗಳು ಸಾಕು: “ಇದು ರ”, “ರ ಎಲ್ಲಿದೆ, ತೋರಿಸು”, “ಇದು ಯಾವುದು?” ಮೂರನೆಯದಕ್ಕೆ ಉತ್ತರ ಬಾರದಿದ್ದರೆ ಗದರಿಸದೆ ಮೊದಲನೆಯದಕ್ಕೆ ಹಿಂದಿರುಗತಕ್ಕದ್ದು. ಹತ್ತು ನಿಮಿಷಗಳಿಗೆ ಮೀರದಿರುವುದು ಒಳ್ಳೆಯದು. ಬೀಜ, ಕಾಳುಗಳನ್ನು ಮಕ್ಕಳು ಬಾಯಿಗೂ ಮೂಗಿಗೂ ಹಾಕಿಕೊಳ್ಳುವುದುಂಟಾದುದರಿಂದ ದೊಡ್ಡವರು ಬಳಿಯಲ್ಲಿಯೇ ಇರಬೇಕು.

ಕನ್ನಡನಾಡಿನಿಂದ ದೂರವಿರುವ ಎಷ್ಟೋ ಕುಟುಂಬಗಳಲ್ಲಿ ಮಗುವಿಗೆ ಮನೆಯೊಂದೇ ಕನ್ನಡದ ಶಾಲೆ. ಅಲ್ಲಿ ತಿಂಗಳುಗಟ್ಟಲೆ ಅಕ್ಷರ ತಿದ್ದಿಯೂ ಒಂದು ಮಾತನ್ನೂ ಓದಲಾರದ ಮಗು ಬೇಸತ್ತು ಬಿಟ್ಟರೆ, ಅದನ್ನು ಮತ್ತೆ ಕರೆತರುವ ಶಾಲೆ ಬೇರೊಂದಿಲ್ಲ. ಮೂರನೆಯ ವಾರದಲ್ಲಿಯೇ ‘ಸರ’ ಎಂದು ಓದಿ, ತಾಯಿಯ ಕೊರಳನ್ನು ಮುಟ್ಟಿ ತೋರಿಸಿದ ಮಗು ನಾಲ್ಕನೆಯ ವಾರಕ್ಕೆ ತಾನಾಗಿಯೇ ಬಂದು ತಟ್ಟೆಯ ಮುಂದೆ ಕುಳಿತುಕೊಳ್ಳುವುದು.