ವಸತಿಗೃಹದ ನೀರು ಮತ್ತು ಶ್ವಾಸಕೋಶದ ಜ್ವರ

ಬೇರೆ ಬೇರೆ ಪ್ರಕೃತಿಯ, ಬೇರೆ ಬೇರೆ ಆಹಾರದ ಜನರು ಏಕಕಾಲಕ್ಕೆ ಒಂದೇ ರೋಗಕ್ಕೆ ತುತ್ತಾಗುವುದೇಕೆ? ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಬರುವ ‘ಜನಪದೋದ್ಧ್ವಂಸನೀಯ’ ಅಧ್ಯಾಯವು ಈ ಪ್ರಶ್ನೆಯನ್ನೆತ್ತಿಕೊಂಡು, ಎಲ್ಲರಿಗೂ ಸಮಾನವಾದ ವಾಯು, ಜಲ, ದೇಶ, ಕಾಲಗಳು ಕೆಡುವುದೇ ಅದಕ್ಕೆ ಕಾರಣವೆನ್ನುತ್ತದೆ. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದ ಬೆಲೆವ್ಯೂ-ಸ್ಟ್ರಾಟ್‌ಫರ್ಡ್ ಹೋಟೆಲಿನಲ್ಲಿ ಇದೇ ಪ್ರಶ್ನೆ ಎದುರಾಯಿತು.

ಆ ಜುಲೈನಲ್ಲಿ ಅಲ್ಲಿ ಮಾಜಿ ಸೈನಿಕರ ಸಮ್ಮೇಳನ ನಡೆದಿತ್ತು. ಊರಿಗೆ ಮರಳಿದವರಲ್ಲಿ ತೀವ್ರ ಜ್ವರ, ಕೆಮ್ಮು, ಶ್ವಾಸಕಷ್ಟಗಳು ತೋರಿಕೊಂಡವು. ಹೋಟೆಲಿನೊಳಗೆ ಕಾಲಿಡದೆ ಅದರ ಎದುರಿನ ರಸ್ತೆಯಲ್ಲಿ ಹಾದುಹೋದ ಕೆಲವರೂ ಹಾಸಿಗೆ ಹಿಡಿದರು. ಒಟ್ಟು 34 ಮಂದಿ ಅಸುನೀಗಿದರು. ಆಹಾರ, ನೀರು, ವಿಷವಸ್ತು ಎಲ್ಲವನ್ನೂ ಶೋಧಿಸಿದರೂ ತಿಂಗಳುಗಟ್ಟಲೆ ಕಾರಣ ತಿಳಿಯಲಿಲ್ಲ. ಅತಿಥಿಗಳು ಬರುವುದು ನಿಂತು, 1904ರಿಂದ ನಡೆದುಬಂದ ಆ ಹೋಟೆಲು ನವೆಂಬರಿನಲ್ಲಿ ಬಾಗಿಲು ಮುಚ್ಚಿತು. ಎರಡು ತಿಂಗಳ ತರುವಾಯ, 1977ರ ಜನವರಿಯಲ್ಲಿ, ಜೋಸೆಫ್ ಮ್ಯಾಕ್‌ಡೇಡ್ ಎಂಬ ವಿಜ್ಞಾನಿ ರೋಗಾಣುವನ್ನು ಪತ್ತೆಹಚ್ಚಿದರು. ಅದಕ್ಕೆ ‘ಲೀಜಿಯೊನೆಲ್ಲಾ’ ಎಂದು ಹೆಸರಾಯಿತು. ಹವಾನಿಯಂತ್ರಣ ಯಂತ್ರದ ತಂಪುಗೋಪುರದ ನೀರಿನಲ್ಲಿ ಬೆಳೆದು, ಸೂಕ್ಷ್ಮ ಹನಿಗಳ ಮೂಲಕ ಅದು ಗಾಳಿಗೆ ಸೇರಿತೆಂದು ತಜ್ಞರು ತರ್ಕಿಸಿದರು.

ಇಂದಿನ ಹೋಟೆಲುಗಳಿಗೆ ಆ ಹೋಟೆಲಿಗಿದ್ದ ಅಜ್ಞಾನದ ನೆಪವಿಲ್ಲ. ಈ ಅಣು 20ರಿಂದ 45 ಡಿಗ್ರಿಯ ನೀರಿನಲ್ಲಿ ಹುಲುಸಾಗಿ ಬೆಳೆಯುತ್ತದೆ. ಆದುದರಿಂದ ಬಿಸಿನೀರಿನ ತೊಟ್ಟಿಯನ್ನು 60 ಡಿಗ್ರಿಯಲ್ಲಿ ಇರಿಸಬೇಕು. ತಂಪುಗೋಪುರವನ್ನೂ ಷವರಿನ ಜಾಲರಿಯನ್ನೂ ಪಾಚಿ ಕಟ್ಟದಂತೆ ಶುಚಿಗೊಳಿಸಬೇಕು. ಖಾಲಿ ಕೋಣೆಗಳ ನಲ್ಲಿಗಳನ್ನು ವಾರಕ್ಕೊಮ್ಮೆಯಾದರೂ ಹರಿಯಬಿಡಬೇಕು. ಕೊರೊನಾ ಕಾಲದಲ್ಲಿ ತಿಂಗಳುಗಟ್ಟಲೆ ಮುಚ್ಚಿದ್ದ ಹೋಟೆಲುಗಳನ್ನು ತೆರೆಯುವಾಗ ನಿಂತ ನೀರನ್ನೆಲ್ಲ ಹೊರಹಾಕಬೇಕೆಂದು ಆರೋಗ್ಯ ಇಲಾಖೆಗಳು ಎಚ್ಚರಿಸಿದ್ದು ಇದಕ್ಕಾಗಿಯೇ. ರೋಗಿ ಕಂಡುಬಂದಾಗ ಹೋಟೆಲಿನವರು ಮೊದಲು ಮುಟ್ಟಬೇಕಾದದ್ದು ಅತಿಥಿಗಳ ದಾಖಲೆ ಪುಸ್ತಕ. ಅದೇ ದಿನಗಳಲ್ಲಿ ತಂಗಿದ್ದವರೆಲ್ಲರಿಗೂ ಸುದ್ದಿ ಮುಟ್ಟಿಸಬೇಕು. ಹೆಸರು ಕೆಡುವುದೆಂದು ಮುಚ್ಚಿಟ್ಟರೆ ಚಿಕಿತ್ಸೆಯ ಅಮೂಲ್ಯ ದಿನಗಳು ಕಳೆದುಹೋಗುತ್ತವೆ.

ನಮ್ಮ ಜಾತ್ರೆಯ ಊರುಗಳ ಯಾತ್ರಿನಿವಾಸಗಳೂ ವರ್ಷದ ಬಹುಪಾಲು ಖಾಲಿಯಿರುತ್ತವೆ. ಮಾಳಿಗೆಯ ಮೇಲಿನ ಸೌರತೊಟ್ಟಿಯ ನೀರು ಮೋಡದ ದಿನಗಳಲ್ಲಿ ಉಗುರುಬೆಚ್ಚಗೇ ಉಳಿಯುತ್ತದೆ. ನಾನಂತೂ ಎಲ್ಲಿಯೇ ತಂಗಲಿ, ಕಿಟಕಿ ತೆರೆದು, ಷವರನ್ನು ಬಕೆಟ್ಟಿನೊಳಗಿಳಿಸಿ ನೀರು ಬಿಟ್ಟು, ಕೆಲವು ನಿಮಿಷ ಸ್ನಾನಗೃಹದ ಬಾಗಿಲು ಎಳೆದುಕೊಂಡು ಹೊರಗಿರುತ್ತೇನೆ. ಮನೆಯವರು ನಗುತ್ತಾರೆ.

ಈ ಕಾಯಿಲೆ ಸಾಮಾನ್ಯವಾಗಿ ಒಬ್ಬರಿಂದೊಬ್ಬರಿಗೆ ಹರಡದು. ವೃದ್ಧರು, ಧೂಮಪಾನಿಗಳು, ಶ್ವಾಸಕೋಶದ ರೋಗಿಗಳು ಹೆಚ್ಚು ಎಚ್ಚರದಿಂದಿರಬೇಕು. ಇದಕ್ಕೆ ಕಷಾಯವನ್ನು ನೆಚ್ಚಿ ಕುಳಿತುಕೊಳ್ಳಬೇಡಿರೆಂದು ಆಯುರ್ವೇದ ವೈದ್ಯನಾಗಿಯೇ ಹೇಳುತ್ತೇನೆ. ತಕ್ಕ ಪ್ರತಿಜೈವಿಕ ಔಷಧ ಬೇಗನೆ ದೊರೆಯಬೇಕು. ಪ್ರವಾಸದಿಂದ ಮರಳಿದ ಎರಡು ವಾರಗಳೊಳಗೆ ಜ್ವರ, ಕೆಮ್ಮು ಕಾಣಿಸಿಕೊಂಡರೆ, ಎಲ್ಲಿ ತಂಗಿದ್ದಿರೆಂಬುದನ್ನು ವೈದ್ಯರು ಕೇಳದಿದ್ದರೂ ತಿಳಿಸಿರಿ.