ಮನೆಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆ



ಸಾಮಾನ್ಯ ಕ್ಷಯರೋಗಕ್ಕೆ 6 ತಿಂಗಳು ಪ್ರತಿದಿನ ಔಷಧ ಸೇವಿಸಬೇಕು. ಆದರೆ ಕೆಲವೇ ವಾರಗಳಲ್ಲಿ ಜ್ವರ ಇಳಿದು ಹಸಿವು ಮರಳುತ್ತದೆ. ‘ಗುಣವಾಯಿತು’ ಎಂದು ರೋಗಿಯು ಮಾತ್ರೆ ನಿಲ್ಲಿಸುವುದು ಆಗಲೇ. ಅಳಿದುಳಿದ ರೋಗಾಣುಗಳು ಔಷಧಕ್ಕೆ ಮಣಿಯದಂತೆ ಬಲಿತು, ಕಾಯಿಲೆಯು ಮತ್ತಷ್ಟು ಕಠಿಣವಾಗಿ ಮರುಕಳಿಸಬಹುದು.

ಈ ಅಪಾಯವನ್ನು ತಡೆಯುವವರಲ್ಲಿ ಊರಿನ ಆಶಾ ಕಾರ್ಯಕರ್ತೆ ಮುಖ್ಯಳು. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ತೂಕ ಇಳಿಕೆ ಕಂಡರೆ ಆಕೆ ಕಫ ಪರೀಕ್ಷೆಗೆ ಕಳುಹಿಸುತ್ತಾಳೆ. ಮೂತ್ರ ಕೆಂಪಾದರೆ ಅದು ಮಾತ್ರೆಯ ಬಣ್ಣವೆಂದು ಧೈರ್ಯ ಹೇಳುತ್ತಾಳೆ. ಪೋಷಣೆಗಾಗಿ ಸರ್ಕಾರ ನೀಡುವ ಮಾಸಿಕ 1000 ರೂಪಾಯಿ ದೊರೆಯಲು ನೆರವಾಗುತ್ತಾಳೆ. ಮಲ್ಲಟ, ಮಾನ್ವಿ, ದೇವದುರ್ಗ ಭಾಗದಿಂದ ಗುಳೆ ಹೋಗುವವರು ಹೊರಡುವ ಮೊದಲೇ ಆಕೆಗೆ ತಿಳಿಸಬೇಕು. ‘ನಿಕ್ಷಯ್’ ನೋಂದಣಿ ಸಂಖ್ಯೆ ಜೊತೆಗಿದ್ದರೆ ಬೇರೆ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿಯೂ ಚಿಕಿತ್ಸೆ ಮುಂದುವರಿಯುತ್ತದೆ.

ಎಚ್‌ಐವಿ ಸೋಂಕು ದೇಹದ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವುದರಿಂದ ಅಂಥವರಿಗೆ ಕ್ಷಯ ಬೇಗ ತಗಲುತ್ತದೆ. ಆದ್ದರಿಂದಲೇ ಒಂದು ರೋಗವಿದ್ದವರಿಗೆ ಇನ್ನೊಂದರ ಪರೀಕ್ಷೆಯನ್ನೂ ಮಾಡುತ್ತಾರೆ. ಎಚ್‌ಐವಿಗೆ ಜೀವನಪರ್ಯಂತ ಸೇವಿಸಬೇಕಾದ ಎ.ಆರ್.ಟಿ. ಔಷಧವು 2004ರಿಂದ ನಮ್ಮ ದೇಶದಲ್ಲಿ ಉಚಿತವಾಗಿ ದೊರೆಯುತ್ತಿದೆ. ಈ ಎರಡೂ ರೋಗಗಳಿಂದ ಬಹಳ ನೊಂದ ಆಫ್ರಿಕಾದ ಮಲಾವಿ, ಇಥಿಯೋಪಿಯಾಗಳ ಹಳ್ಳಿಗಳಲ್ಲಿಯೂ ವೈದ್ಯರ ಕೊರತೆಯನ್ನು ತುಂಬುತ್ತಿರುವವರು ತರಬೇತಿ ಪಡೆದ ಇಂಥ ಗ್ರಾಮೀಣ ಕಾರ್ಯಕರ್ತರೇ.

ಆದರೆ ಆಕೆಯ ಕಾಯಕಕ್ಕೆ ಅಡ್ಡಿಯಾಗುವುದು ನೆರೆಹೊರೆಯ ಒಂದು ಪ್ರಶ್ನೆ: ‘ಆಶಾ ನಿಮ್ಮ ಮನೆಗೆ ಯಾಕೆ ಬಂದಿದ್ದಳು?’ ಈ ಮಾತಿಗೆ ಅಂಜಿದ ರೋಗಿಯು ಆಕೆಯನ್ನು ಬರಬೇಡವೆನ್ನುತ್ತಾನೆ, ಮಾತ್ರೆ ತಪ್ಪುತ್ತದೆ. ಎಚ್‌ಐವಿ ಇರುವವರ ವಿಷಯವನ್ನು ಅವರ ಒಪ್ಪಿಗೆಯಿಲ್ಲದೆ ಬಹಿರಂಗಪಡಿಸುವುದನ್ನೂ ಅವರಿಗೆ ಭೇದ ತೋರುವುದನ್ನೂ 2017ರ ಕಾಯಿದೆ ನಿಷೇಧಿಸಿದೆ. ಸ್ಪರ್ಶದಿಂದಾಗಲಿ ಸಹಭೋಜನದಿಂದಾಗಲಿ ಎಚ್‌ಐವಿ ಹರಡದು. ಕ್ಷಯ ಹರಡುವುದು ಕೆಮ್ಮಿದಾಗ ಗಾಳಿಯ ಮೂಲಕ, ತಟ್ಟೆ ಲೋಟಗಳಿಂದಲ್ಲ. ಬಾಯಿಗೆ ಬಟ್ಟೆ, ತೆರೆದ ಕಿಟಕಿ, ತಪ್ಪದ ಮಾತ್ರೆ, ಇವೇ ರಕ್ಷಣೆ.

ದಾಸೋಹದ ಪಂಕ್ತಿಯಲ್ಲಿ ಯಾರನ್ನೂ ದೂರ ಕೂರಿಸದ ಪರಂಪರೆ ನಮ್ಮದು. ರೋಗಿಯ ತಟ್ಟೆಯನ್ನು ಬೇರೆ ಇಡುವ ಮನೆ ಆ ಪರಂಪರೆಯನ್ನು ಮರೆತಂತೆ. ಆಶಾ ಕಾರ್ಯಕರ್ತೆ ಪಕ್ಕದ ಮನೆಗೆ ಬಂದಾಗ ಕಾರಣ ಕೇಳದಿರುವುದೂ ಒಂದು ಸೇವೆ. ಕ್ಷಯದ ಮಾಹಿತಿಗೆ 1800-11-6666, ಎಚ್‌ಐವಿ ಮಾಹಿತಿಗೆ 1097 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು.