ನಾಳೆ ತೆಗೆದರಾಯಿತು ಎನ್ನದಿರಿ

ಮೈಸೂರಿನ ದೇವರಾಜ ಮಾರುಕಟ್ಟೆಗೆ ಬರುವ ಪ್ರವಾಸಿಗರು ಹೂವಿನ ಸಾಲು, ಕುಂಕುಮದ ರಾಶಿಗಳ ಚಿತ್ರ ತೆಗೆಯದೆ ಹೋಗುವುದಿಲ್ಲ. ಅಲ್ಲಿಯೇ ತರಕಾರಿ ಕೊಳ್ಳುವ ಊರಿನವರ ಎಷ್ಟೋ ಮನೆಗಳಲ್ಲಿ ಮಾತ್ರ ಅದರ ಒಂದು ಚಿತ್ರವೂ ಸಿಗದು. 'ಎಲ್ಲಿಗೆ ಹೋಗುತ್ತದೆ, ನಾಳೆ ತೆಗೆದರಾಯಿತು' ಎಂಬ ಉದಾಸೀನವೇ ಇದಕ್ಕೆ ಕಾರಣ.

ಆದರೆ ಕಟ್ಟಡಗಳು ಕಾಯುವುದಿಲ್ಲ. ಅದೇ ಊರಿನಲ್ಲಿ 1892ರಲ್ಲಿ ಕಟ್ಟಿದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ವರು ಸತ್ತರು. ಅಲ್ಲಿದ್ದ ಹಳೆ ಪುಸ್ತಕದ ಅಂಗಡಿಗಳು ಖಾಲಿಯಾದವು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಬಿತ್ತು. ಬಿದ್ದ ಭಾಗ ಹೇಗಿತ್ತೆಂದು ಹೇಳಲು ಈಗ ಹಳೆಯ ಛಾಯಾಚಿತ್ರಗಳೇ ಸಾಕ್ಷಿ.

ಇಂಥ ಚಿತ್ರಕ್ಕೆ ದುಬಾರಿ ಕ್ಯಾಮೆರಾ ಬೇಡ. ಮನೆಯಲ್ಲಿರುವ ಮೊಬೈಲ್ ಫೋನೇ ಸಾಕು. ಹತ್ತಿರ ನಿಂತು ಕ್ಯಾಮೆರಾವನ್ನು ಮೇಲಕ್ಕೆ ಓರೆ ಮಾಡಿದರೆ ಗೋಡೆಗಳು ಹಿಂದಕ್ಕೆ ವಾಲಿದಂತೆ ಕಾಣುತ್ತವೆ. ಬಿಂಬ ಮೂಡುವ ಫಲಕ ಗೋಡೆಗೆ ಸಮಾನಾಂತರವಾಗಿ ಇಲ್ಲದಿರುವುದೇ ಇದಕ್ಕೆ ಕಾರಣ. ಹಿಂದೆ ಸರಿದು ಕ್ಯಾಮೆರಾವನ್ನು ನೆಟ್ಟಗೆ ಹಿಡಿದರೆ ಗೋಡೆಯೂ ನೆಟ್ಟಗೆ ಬರುತ್ತದೆ. ಪೂರ್ವಾಭಿಮುಖ ಕಟ್ಟಡಕ್ಕೆ ಬೆಳಗಿನ, ಪಶ್ಚಿಮಾಭಿಮುಖ ಕಟ್ಟಡಕ್ಕೆ ಸಂಜೆಯ ಬಿಸಿಲು ಒಳ್ಳೆಯದು. ವ್ಯಾಪಾರಿಗಳ ಚಿತ್ರ ತೆಗೆಯುವ ಮುನ್ನ ಅವರ ಒಪ್ಪಿಗೆ ಕೇಳುವುದು ಸೌಜನ್ಯ.

ಮುಖ್ಯವಾದ ಕೆಲಸ ಆಮೇಲಿನದು. ಪ್ರತಿ ಚಿತ್ರಕ್ಕೂ ದಿನಾಂಕ, ಬೀದಿಯ ಹೆಸರು, ಎಲ್ಲಿ ನಿಂತು ತೆಗೆದದ್ದು ಎಂಬುದನ್ನು ಬರೆದಿಡಬೇಕು. ಆ ಜಾಗದಲ್ಲಿ ಹಿಂದೆ ಏನಿತ್ತೆಂದು ಅಜ್ಜ-ಅಜ್ಜಿಯರನ್ನು ಕೇಳಿದರೆ ಇನ್ನೊಂದು ಸಾಲು ಸಿಗುತ್ತದೆ. ಮುಂದಿನ ವರ್ಷ ಅದೇ ದಿನ, ಅಲ್ಲಿಯೇ ನಿಂತು ಮತ್ತೊಂದು ಚಿತ್ರ ತೆಗೆದರೆ ಊರು ಬದಲಾಗುವ ಬಗೆ ಕಣ್ಣಿಗೆ ಬೀಳುತ್ತದೆ. ರಜೆಯ ಒಂದು ಬೆಳಿಗ್ಗೆ ಮಕ್ಕಳೊಡನೆ ತಂದೆತಾಯಿಯರೂ ಹೊರಟರೆ ಅದೇ ಒಳ್ಳೆಯ ಆರಂಭ.